ಉಳಿಗಲ್ಲು ಸೀಮೆಯ ಮೂರು ಒಗಟು

"ಕೇಳ್ರಪ್ಪೋ ಕೇಳಿ! ಬಿಳಿಗೋಟೆಯ ದೊರೆ ಮುದ್ದರಸರ ಅಪ್ಪಣೆ! ಉಳಿಗಲ್ಲು ಸೀಮೆ ಬರಿದಾಗುತ್ತಿದೆ. ಅದರ ಸಲುವಾಗಿ ಅರಮನೆಯಲ್ಲಿ ಮೂರು ಒಗಟು ಒಡ್ಡಿದ್ದಾರೆ. ಮೂರನ್ನೂ ಬಿಡಿಸಿದವರು ಕೇಳಿದ್ದನ್ನು ಪಡೆಯುವರು. ಒಂದು ತಪ್ಪಿದರೂ ತಲೆ ಹೋಗುವುದು!"

ಡಂಗುರದ ನಿಂಗಜ್ಜ ಉಳಿಗಲ್ಲಿನ ಅಗಸೆ ಬಾಗಿಲಲ್ಲಿ ನಿಂತು ಹೀಗೆ ಸಾರಿ, ತಮಟೆ ಕೆಳಗಿಳಿಸಿ ಸುತ್ತ ನೋಡಿದ. ಕೇಳುವುದಕ್ಕೆ ಬಂದಿದ್ದವನು ಒಬ್ಬನೇ ಒಬ್ಬ ಹುಡುಗ. ಹೆಸರು ಗಾದ್ರಿ. ಎರಡು ಎಮ್ಮೆ ಮೇಯಿಸಿಕೊಂಡು, ಹೊತ್ತು ಸಿಕ್ಕಾಗ ಒರಳುಕಲ್ಲು ಕೆತ್ತುವವನು.

"ಉಳಿದವರೆಲ್ಲ ಎಲ್ಲಪ್ಪಾ?" ಎಂದ ಅಜ್ಜ.

"ಉಳಿದವನೇ ನಾನು, ಅಜ್ಜ."

ಗಾದ್ರಿ ಅವನಿಗೆ ಅಂಬಲಿ ಕೊಟ್ಟ. ಕುಡಿದು ಅಜ್ಜ ಹೊರಟಾಗ ತಾನೂ ಎಮ್ಮೆಗಳನ್ನು ಕಾಡಿಗೆ ಬಿಟ್ಟು, ಹೆಗಲಿಗೆ ಕಂಬಳಿ ಏರಿಸಿದ.

"ನೀನೆಲ್ಲಿಗೋ? ಹೋದವರು ಯಾರೂ ತಲೆ ಉಳಿಸಿಕೊಂಡು ಬರೋ ಹಾಗೆ ಕಾಣೆ."

"ಇಲ್ಲಿ ಈ ತಲೆ ಇಟ್ಟುಕೊಂಡು ಯಾರ ಹತ್ತಿರ ಮಾತಾಡಲಿ? ಬಿಳಿಗೋಟೆ ಮುಟ್ಟುವ ತನಕ ನೀನಾದರೂ ಮಾತಾಡುತ್ತೀಯಲ್ಲ."

ಅಜ್ಜ ದಾರಿಯುದ್ದಕ್ಕೂ ಮೊಮ್ಮಕ್ಕಳ ಸುದ್ದಿ ಹೇಳಿದ. ಗಾದ್ರಿ ಹೇಳಿದ್ದನ್ನೇ ಮತ್ತೆ ಹೇಳಿಸಿಕೊಂಡು ಕೇಳಿದ.

ಬಿಳಿಗೋಟೆಯಲ್ಲಿ ಹೊಸ ಅರಮನೆ ಅರ್ಧಕ್ಕೇ ನಿಂತಿತ್ತು. ಉಳಿಗಲ್ಲಿನಿಂದ ಕಲ್ಲು ಬರುವುದು ನಿಂತುಹೋಗಿತ್ತು. ದೊರೆಯ ತಾಯಿ ಬೊಮ್ಮಾಂಬೆ ಅದೇ ಸೀಮೆಯಲ್ಲಿ ಹುಟ್ಟಿದವಳು. ಸೀಮೆ ಹಾಳಾದ ಬಗೆಯನ್ನು ಎಷ್ಟು ಹೇಳಿದರೂ ಮಗ ಕಿವಿಗೆ ಹಾಕಿಕೊಳ್ಳದಿದ್ದಾಗ, ಆಕೆಯೇ ಈ ಒಗಟು ಕಟ್ಟಿದ್ದಳು. ಯಾರೂ ಬರದಿರಲೆಂದು ತಲೆಯ ಮಾತನ್ನು ಸೇರಿಸಿದವನು ದೊರೆ.

ಆದರೂ ಗಾದ್ರಿಗಿಂತ ಮುಂಚೆ ಇಬ್ಬರು ಬಂದಿದ್ದರು. ಬೊಮ್ಮಾಂಬೆ ಮೊದಲ ಒಗಟು ಹೇಳಿದಳು: "ಸೀಮೆಗೆ ಪಿಡುಗು ಬರಲಿಲ್ಲ, ದಂಡು ಬರಲಿಲ್ಲ, ತೊಟ್ಟಿಲು ತೂಗುವುದೂ ನಿಲ್ಲಲಿಲ್ಲ. ಆದರೂ ಜನ ಕರಗಿದರು. ಬಾಯಿಲ್ಲದೆ, ಹೊಟ್ಟೆಯಿಲ್ಲದೆ, ಊರ ನಡುವೆ ಮಲಗಿಕೊಂಡೇ ಊರನ್ನು ನುಂಗಿದ್ದು ಯಾವುದು?"

ಪಾಳೆಗಾರನ ಮಗ ಮೀಸೆ ತಿರುವಿ, "ಹೆಬ್ಬಾವು" ಎಂದ. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು. ಶೆಟ್ಟರ ಮಗ ಬಹಳ ಹೊತ್ತು ಯೋಚಿಸಿ, "ಹಸಿವು" ಎಂದ.

"ಹಸಿವು ಮಲಗುವುದಿಲ್ಲ ಮಗೂ," ಎಂದಳು ಬೊಮ್ಮಾಂಬೆ. ಅವನೂ ಸೆರೆ ಸೇರಿದ.

ಗಾದ್ರಿ ಕೈಮುಗಿದ. "ದಾರಿ, ತಾಯಿ. ಕಲ್ಲು ಸಾಗಿಸಲೆಂದು ಹಾಕಿಸಿದ ಬಂಡಿದಾರಿ. ಮೊದಲು ಕಲ್ಲು ಹೋಯಿತು. ಕಲ್ಲಿನ ಹಿಂದೆ ಕಲ್ಲುಕುಟಿಗರು ಹೋದರು, ಅವರ ಹಿಂದೆ ಹೆಂಡಿರು ಮಕ್ಕಳು. ಹಬ್ಬಕ್ಕೆ ಬರುತ್ತೇವೆ ಅಂದರು. ದಾರಿ ಎರಡೂ ಕಡೆಗೆ ಹೋಗುತ್ತದೆ ಅಂತ ನಾನು ನಂಬಿದ್ದೆ."

ದೊರೆ ಸಿಂಹಾಸನದಿಂದ ಎದ್ದೇಬಿಟ್ಟ. "ಆ ದಾರಿ ಹಾಕಿಸಿದವನು ನಾನು!"

"ಉತ್ತರ ಸರಿಯಾಗಿದೆ. ಕೂತುಕೋ," ಎಂದಳು ತಾಯಿ. "ಎರಡನೆಯದು. ಜನ ಇದ್ದರೆ ಮನೆ ನೂರು ವರ್ಷ ಬಾಳುತ್ತದೆ. ಬೀಗ ಹಾಕಿ ಹೋದರೆ, ಯಾರೂ ಮುಟ್ಟದಿದ್ದರೂ ನಾಕು ಮಳೆಗೆ ಬೀಳುತ್ತದೆ. ಮನೆ ಏನನ್ನು ತಿಂದು ಬದುಕುತ್ತದೆ?"

"ಒಲೆಯ ಹೊಗೆಯನ್ನು," ಎಂದ ಗಾದ್ರಿ. "ಹೊಗೆ ತಾಗದ ಜಂತೆಗೆ ಗೆದ್ದಲು ಹಿಡಿಯುತ್ತದೆ. ಹೋಗುವಾಗ ಎಲ್ಲರೂ ಬೀಗದ ಕೈ ನನಗೆ ಕೊಟ್ಟು ಹೋದರು. ದಿನಕ್ಕೊಂದು ಮನೆಯ ಒಲೆ ಹೊತ್ತಿಸುತ್ತೇನೆ. ಮನೆಗಳು ಬಹಳ, ನಾನೊಬ್ಬ. ಸರದಿ ಮುಟ್ಟುವಷ್ಟರಲ್ಲಿ ಎಷ್ಟೋ ಕುಸಿದುಬಿಟ್ಟವು. ಹೊಗೆ ಕಂಡು ದಾರಿಹೋಕರು ಬರುವುದುಂಟು. 'ಮನೆಯವರೆಲ್ಲಿ?' ಅನ್ನುತ್ತಾರೆ. ಈಗ ಬರುತ್ತಾರೆ ಅನ್ನುತ್ತೇನೆ."

ಸಭೆಯಲ್ಲಿ ಯಾರೋ ಮೂಗು ಒರೆಸಿಕೊಂಡರು. ಬೊಮ್ಮಾಂಬೆಯ ದನಿ ತಗ್ಗಿತು. "ಕೊನೆಯದು. ಅಲ್ಲಿ ಇನ್ನೂ ಕಲ್ಲಿದೆ, ಉಳಿಯಿದೆ, ಕೂಲಿ ಕೊಡುವ ದೊರೆಯಿದ್ದಾನೆ, ದುಡಿಯುವ ಮನಸ್ಸಿನ ಆಳೂ ಇದ್ದಾನೆ. ಆದರೂ ಕೆಲಸ ಸಾಗುವುದಿಲ್ಲ. ಇಲ್ಲದಿರುವುದು ಏನು?"

ಗಾದ್ರಿ ಊರಲ್ಲಿರುವುದನ್ನು ಒಂದೊಂದಾಗಿ ನೆನೆದ. ನೀರು ಅನ್ನೋಣವೆಂದರೆ ಊರ ಕೆರೆ ತುಂಬಿದೆ. ಕಬ್ಬಿಣ ಅನ್ನೋಣವೆಂದರೆ ಕುಲುಮೆಯಲ್ಲಿ ಇನ್ನೂ ಬಿದ್ದಿದೆ. ಭಟ ಹತ್ತಿರಕ್ಕೆ ಬಂದ. ಆಗ ಗಾದ್ರಿಗೆ ಹೋದ ಚಳಿಗಾಲದ ಒಂದು ಮುಂಜಾನೆ ನೆನಪಾಯಿತು.

"ಇನ್ನೊಬ್ಬ," ಎಂದ.

"ಬಿಡಿಸಿ ಹೇಳು."

"ಇನ್ನೊಬ್ಬ ಮನುಷ್ಯ, ತಾಯಿ. ಒಬ್ಬನೇ ಉಳಿ ಹಿಡಿಯಬಹುದು, ಬಂಡೆ ಮಗುಚಲಾಗದು. ತಿದಿ ಒತ್ತುವವನಿಲ್ಲದೆ ಕಮ್ಮಾರ ಬಡಿಯಲಾರ. ನಮ್ಮೂರಲ್ಲಿ ನನ್ನ ಜೊತೆ ಕೊನೆಗೆ ಉಳಿದಿದ್ದವಳು ಮುದುಕಿ ಗಿರಿಯವ್ವ. ಚಳಿಗಾಲದಲ್ಲಿ ತೀರಿಕೊಂಡಳು. ಚಟ್ಟ ಕಟ್ಟಿದೆ, ಹೊರಲು ಇನ್ನು ಮೂವರು ಇರಲಿಲ್ಲ. ಎಳೆದುಕೊಂಡು ಹೋದೆ. ಕಲ್ಲು ತಾಗಿದಾಗಲೆಲ್ಲ 'ನೋವಾಯ್ತಾ ಅವ್ವಾ' ಅಂತ ಕೇಳುತ್ತ ಹೋದೆ."

ಬೊಮ್ಮಾಂಬೆ ಸೆರಗು ಬಾಯಿಗೆ ಹಿಡಿದಳು. ಗಿರಿಯವ್ವ ಆಕೆಯ ಚಿಕ್ಕಂದಿನ ಗೆಳತಿ. ದೊರೆ ತನ್ನ ಅರ್ಧ ಗೋಡೆಗಳತ್ತ ನೋಡಿದ. ಆಮೇಲೆ, "ಕೇಳಪ್ಪ, ಏನು ಬೇಕು? ಸೀಮೆಯ ಗೌಡಿಕೆ ನಿನ್ನದೇ. ಇನ್ನೇನು?" ಎಂದ.

"ಮೊದಲು ಆ ಇಬ್ಬರನ್ನು ಬಿಟ್ಟುಬಿಡಿ, ಬುದ್ಧಿ. ನಿಮ್ಮ ಸೀಮೆಯಲ್ಲಿ ತಲೆಗಳಿಗೇ ಬರ ಬಂದಿದೆ. ಆಮೇಲೆ ಅರಮನೆಯ ಕೆತ್ತನೆಯೆಲ್ಲ ಉಳಿಗಲ್ಲಿನಲ್ಲೇ ನಡೆಯಲಿ. ಬರುವ ಮನಸ್ಸಿದ್ದ ಕುಟಿಗರನ್ನು ಕಳಿಸಿಕೊಡಿ. ಯಾರನ್ನೂ ಬಲವಂತ ಮಾಡಬೇಡಿ."

ದೊರೆ ಒಪ್ಪಿದ. ಗಾದ್ರಿ ಗೌಡಿಕೆಯ ಪೇಟ ಸುತ್ತಿಕೊಂಡು ಒಬ್ಬನೇ ಊರಿಗೆ ಮರಳಿದ. ಮಳೆಗಾಲ ಕಳೆಯಿತು, ಯಾರೂ ಬರಲಿಲ್ಲ. ಬಿಳಿಗೋಟೆಯಲ್ಲಿ ಬೇರು ಬಿಟ್ಟವರು ಬರುವುದಾದರೂ ಹೇಗೆ? ಸುಗ್ಗಿಯ ಹೊತ್ತಿಗೆ ಮಾತ್ರ ಬಂಡಿಗಳ ಸದ್ದಾಯಿತು. ಐದಾರು ಸಂಸಾರ, ಅಷ್ಟೆ. ಊರಿನ ಮುಕ್ಕಾಲು ಪಾಲು ಹಾಗೇ ಹಾಳುಬಿದ್ದಿತ್ತು.

ಒಂದು ಬೆಳಿಗ್ಗೆ, ಹೀಗೆ ಬಂದು ಪಕ್ಕದ ಮನೆ ಸೇರಿದ್ದ ಸಣ್ಣೀರಕ್ಕ ಸೊಂಟಕ್ಕೆ ಕೈಯಿಟ್ಟುಕೊಂಡು ಗಾದ್ರಿಯ ಅಂಗಳಕ್ಕೆ ನುಗ್ಗಿದಳು. "ಏನೋ ಗೌಡಾ! ನಿನ್ನ ಎಮ್ಮೆ ನನ್ನ ಕುಂಬಳಬಳ್ಳಿಯನ್ನೆಲ್ಲ ಮೇದಿದೆ. ಕಟ್ಟಿಹಾಕೋದಕ್ಕೆ ಏನು ದಾಡಿ ನಿನಗೆ? ಕಣ್ಣು ಇಂಗಿಹೋಗಿದ್ದಾವಾ?"

ಗಾದ್ರಿ ನಿಂತು ಕೇಳುತ್ತಿದ್ದ. ಮುಖದ ತುಂಬ ನಗು, ಕಣ್ಣ ತುಂಬ ನೀರು.

"ಬೈತಿದ್ದರೆ ನಗ್ತೀಯಲ್ಲೋ, ನಾಚಿಕೆಗೆಟ್ಟವನೇ!"

"ಬೈಯಿ ಅಕ್ಕಾ," ಎಂದ ಗಾದ್ರಿ ಜಗಲಿಯ ಮೇಲೆ ಕೂರುತ್ತ, "ಇನ್ನೂ ಸ್ವಲ್ಪ ಹೊತ್ತು ಬೈಯಿ."