ಸೇತುರಾಯರ ಮೋಟಾರು ನೀರಲ್ಲಿ ನಿಂತದ್ದು

"ಮಹಾಸ್ವಾಮಿ, ನಾನು ಈ ಕುರ್ಚಿಯಲ್ಲಿ ಕೂತ ಮೇಲೆ ವಿಮಾ ಬೊಕ್ಕಸದಿಂದ ಒಂದು ಕಾಸೂ ಆಚೆ ಹೋಗಿಲ್ಲ!"

ಕೆಂಚನಕೋಟೆಯ ದರಬಾರಿನಲ್ಲಿ ವಿಮಾ ಅಧಿಕಾರಿ ಸೇತುರಾಯರು ಎದೆಯುಬ್ಬಿಸಿ ಹೀಗೆಂದರು. ಸಂಸ್ಥಾನಕ್ಕೆ ಆಗ ಮೋಟಾರು ಬಂದ ಹೊಸತು. ಗಾಡಿ ಇಟ್ಟವರು ವರ್ಷವರ್ಷ ಅರಮನೆಗೆ ವಿಮೆ ಕಟ್ಟಬೇಕು. ಮಳೆ, ನೆರೆ, ಬೆಂಕಿಯಿಂದ ಗಾಡಿ ಕೆಟ್ಟರೆ ಅರಮನೆ ರಿಪೇರಿ ಮಾಡಿಸಿಕೊಡಬೇಕು. ಮೊದಲನೆಯದು ತಪ್ಪದೆ ನಡೆಯುತ್ತಿತ್ತು.

ರಾಜ ಗಂಗಪ್ಪನಾಯಕರಿಗೆ ಅಚ್ಚರಿಯಾಯಿತು. "ಹಾಗಾದರೆ ನಮ್ಮಲ್ಲಿ ಗಾಡಿಗಳು ಕೆಡುವುದೇ ಇಲ್ಲವೇ ರಾಯರೇ?"

"ಕೆಡುತ್ತವೆ ಮಹಾಸ್ವಾಮಿ. ಆದರೆ ತಪ್ಪು ಯಾವಾಗಲೂ ಗಾಡಿಯವನದೇ."

ಆ ಮಾತಿಗೆ ಕಾದಿದ್ದವರಂತೆ ಇಮಾಂ ಸಾಬರು ಕೈಮುಗಿದು ಮುಂದೆ ಬಂದರು. ಊರಿಗೆ ಮೊದಲ ಡೀಸೆಲ್ ಲಾರಿ ತಂದವರು ಅವರು.

"ಬುದ್ಧಿ, ಸಂತೆಪೇಟೇಲಿ ಬೆಲ್ಲ ತುಂಬ್ತಾ ಇದ್ದೆ. ಹೊಳೆ ಉಕ್ಕಿ ಬಂತು. ನೋಡ್ತಾ ನೋಡ್ತಾ ಬಂಪರ್ ಮುಳುಗ್ತು. ದಿಬ್ಬಕ್ಕೆ ಹತ್ತಿಸೋಣ ಅಂತ ಸ್ಟಾರ್ಟ್ ಮಾಡಿದೆ. ಎಂಜಿನ್ ಒಳಗೆ ನೀರು ಹೊಕ್ಕಿತ್ತು. ಕಟಕ್ ಅಂತು, ಒಳಗಿನ ರಾಡು ಬಾಗಿಹೋಯ್ತು. ಬೆಲ್ಲ ಹೋಗಲಿ ಬಿಡಿ, ಕೆಳಗಿನ ಊರಿನೋರು ಪಾನಕ ಕುಡಿದ್ರು. ಲಾರಿ ರಿಪೇರಿ ಆಗದಿದ್ರೆ ಗುಜರಿಗೆ ಹಾಕಬೇಕು. ಈ ವಯಸ್ಸಲ್ಲಿ ನಾನು ಮತ್ತೆ ಕಂಡೋರ ಎತ್ತಿನಗಾಡಿ ಹೊಡೀಬೇಕು."

ಸೇತುರಾಯರು ನಕ್ಕರು. "ಕೇಳಿದಿರಾ ಮಹಾಸ್ವಾಮಿ? ತಾನೇ ಒಪ್ಪಿಕೊಂಡ. ನೀರಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿದ. ಎಂಜಿನ್ ಕೆಡಿಸಿದ್ದು ನೆರೆಯಲ್ಲ, ಇವನ ಕೈ."

"ಹಾಗಾದ್ರೆ ಅಲ್ಲೇ ಬಿಟ್ಟು ಬರಬೇಕಿತ್ತಾ ಸ್ವಾಮಿ?"

"ಹೋದ ವರ್ಷ ಒಬ್ಬ ಬಿಟ್ಟು ಬಂದಿದ್ದ. ಗಾಡಿ ಕಾಪಾಡಿಕೊಳ್ಳಲಿಲ್ಲ, ಉದಾಸೀನ ಮಾಡಿದ ಅಂತ ಅವನಿಗೂ ಇಲ್ಲವೆಂದೆ."

"ಮತ್ತೆ ನಾನು ಏನು ಮಾಡಬೇಕಿತ್ತು?"

"ಅದನ್ನು ಹೇಳುವುದು ನನ್ನ ಇಲಾಖೆಯ ಕೆಲಸವಲ್ಲ," ಎಂದು ರಾಯರು ಶಲ್ಯ ಕೊಡವಿದರು.

ರಾಜರು ಪಕ್ಕಕ್ಕೆ ತಿರುಗಿದರು. ಅಲ್ಲಿ ಅಳಸಿಂಗಯ್ಯ ನಶ್ಯದ ಡಬ್ಬಿ ತಿರುವುತ್ತ ಕೂತಿದ್ದ. ದರಬಾರಿನಲ್ಲಿ ಅವನಿಗೆ ಇಂಥದೇ ಎಂಬ ಹುದ್ದೆಯಿರಲಿಲ್ಲ. ಗಂಟು ಬಿದ್ದಲ್ಲೆಲ್ಲ ಅವನನ್ನು ಕರೆಯುತ್ತಿದ್ದರು.

"ಏನಯ್ಯಾ ಅಳಸಿಂಗ, ನಿನಗೇನನ್ನಿಸುತ್ತೆ?"

"ಸಾಬರ ಪ್ರಶ್ನೆ ಸರಿಯಾಗಿದೆ ಅನ್ನಿಸುತ್ತೆ ಮಹಾಸ್ವಾಮಿ. ರಾಯರೂ ಒಂದು ದಿನ ಅದನ್ನೇ ಕೇಳುತ್ತಾರೆ."

"ನಾನೇ?" ರಾಯರು ಕೆರಳಿದರು. "ಆ ಪ್ರಶ್ನೆ ನನ್ನ ಬಾಯಲ್ಲಿ ಬಂದರೆ ಲಾರಿಗೆ ಹೊಸ ಎಂಜಿನ್ನೇ ಹಾಕಿಸಿಕೊಡ್ತೀನಿ!"

"ದರಬಾರೆಲ್ಲ ಕೇಳಿಸಿಕೊಂಡಿದೆ," ಎಂದರು ರಾಜರು.

ಆಯುಧಪೂಜೆ ಹತ್ತಿರ ಬಂತು. ಹಬ್ಬದ ಹಿಂದಿನ ದಿನ ಊರಿನ ಗಾಡಿಗಳೆಲ್ಲ ದೊಡ್ಡಕೆರೆಯ ತೂಬಿನ ಕೆಳಗಿನ ಕಾಲುವೆಗೆ ಇಳಿಯಬೇಕು. ಪಾದ ಮುಳುಗುವಷ್ಟು ನೀರು. ತೊಳೆಯಲು ಹೇಳಿ ಮಾಡಿಸಿದ ಜಾಗ. ಎತ್ತಿನಗಾಡಿ, ಜಟಕಾ, ಅರಮನೆಯ ಆನೆ, ಎಲ್ಲಕ್ಕೂ ಅಲ್ಲೇ ಸ್ನಾನ. ಸೇತುರಾಯರ ಹೊಸ ಕರಿ ಮೋಟಾರೂ ಇಳಿಯಿತು. ರಾಯರು ದಡದ ಮೇಲೆ ಕೊಡೆ ಹಿಡಿದು ನಿಂತರು. "ಲೇ ಮರಿಯಾ, ಬಟ್ಟೆ ಒರಟಾಗಿದೆ, ಗೀರು ಬಿದ್ದೀತು!" ಎಂದು ಡ್ರೈವರನ್ನು ಗದರುತ್ತಿದ್ದರು.

ಉಳಿದ ಗಾಡಿಗಳೆಲ್ಲ ಒಂದೊಂದಾಗಿ ದಡ ಹತ್ತಿದವು. ರಾಯರ ಮೋಟಾರಿಗೆ ಮಾತ್ರ ಇನ್ನೂ ಹೊಳಪು ಸಾಲಲಿಲ್ಲ. ದಡದಲ್ಲಿ ನಿಂತಿದ್ದ ಅಳಸಿಂಗಯ್ಯ ಕೆರೆ ಏರಿಯ ಮೇಲಿದ್ದ ನೀರುಗಂಟಿಗೆ ವಸ್ತ್ರ ಬೀಸಿದ. ನೀರುಗಂಟಿ ತೂಬು ಎತ್ತಿದ.

ನೀರು ಮೊದಲು ಗಾಲಿಯ ಅರ್ಧಕ್ಕೆ ಬಂತು. ಆಮೇಲೆ ಮೆಟ್ಟಿಲ ಹಲಗೆ ಮುಟ್ಟಿತು.

"ಅಯ್ಯೋ! ನನ್ನ ಮೋಟಾರು! ಮರಿಯಾ, ಸ್ಟಾರ್ಟ್ ಮಾಡೋ!"

ಮರಿಯ ಒಳಕ್ಕೆ ಹಾರಿ ಕೂತ. ಅಳಸಿಂಗಯ್ಯ ದಡದಿಂದಲೇ ಕೈ ಎತ್ತಿ ತಡೆದ.

"ತಡಿಯಪ್ಪ. ನೀರಲ್ಲಿ ಸ್ಟಾರ್ಟ್ ಮಾಡಿ ಎಂಜಿನ್ ಹೋದರೆ ತಪ್ಪು ನಿನ್ನದು. ರಾಯರ ನಿಯಮ."

ಮರಿಯ ಹೆದರಿ ಕೆಳಗಿಳಿದು ದಡಕ್ಕೆ ಓಡಿದ.

"ಎಲ್ಲಿಗೋ ಓಡ್ತೀಯಾ, ಗಾಡಿ ಬಿಟ್ಟು?" ರಾಯರು ಕಿರುಚಿದರು.

"ಹೌದಲ್ಲ ಮರಿಯಾ," ಎಂದ ಅಳಸಿಂಗಯ್ಯ. "ಬಿಟ್ಟು ಬಂದರೂ ತಪ್ಪು ನಿನ್ನದೇ. ಅದೂ ರಾಯರ ನಿಯಮ."

ಮರಿಯ ಮತ್ತೆ ನೀರಿಗಿಳಿದ. ಒಂದು ಕೈ ಬಾಗಿಲ ಮೇಲಿಟ್ಟ. ಹತ್ತಲಿಲ್ಲ, ಇಳಿಯಲಿಲ್ಲ. ನೀರು ಬಂಪರ್ ನೆಕ್ಕತೊಡಗಿತು. ರಾಯರು ಕೊಡೆ ಎಸೆದು, ಪಂಚೆ ಎತ್ತಿ ಕಟ್ಟಿ, ಮಂಡಿಯುದ್ದ ನೀರಿಗೆ ಧುಮುಕಿದರು.

"ಸ್ಟಾರ್ಟ್ ಮಾಡಿದರೂ ತಪ್ಪು, ಬಿಟ್ಟರೂ ತಪ್ಪು! ಮತ್ತೆ ಮನುಷ್ಯ ಏನಯ್ಯಾ ಮಾಡಬೇಕು?"

ದಡದಿಂದ ಒಂದು ದೊಡ್ಡ ನಗು ಕೇಳಿಸಿತು. ರಾಯರು ತಿರುಗಿ ನೋಡಿದರು. ಆನೆಯ ಮಗ್ಗುಲಲ್ಲಿ ರಾಜರು ನಿಂತಿದ್ದರು. ಅವರ ಹಿಂದೆ ಇಮಾಂ ಸಾಬರು.

"ಅದನ್ನು ಹೇಳುವುದು ನಿಮ್ಮ ಇಲಾಖೆಯ ಕೆಲಸವಲ್ಲ ಅಲ್ಲವೇ ರಾಯರೇ?" ಎಂದರು ರಾಜರು, ಕಣ್ಣೀರು ಒರೆಸಿಕೊಳ್ಳುತ್ತ. "ಹಬ್ಬ ಮುಗಿದ ಕೂಡಲೇ ಸಾಬರ ಲಾರಿಗೆ ಹೊಸ ಎಂಜಿನ್ ಬರಲಿ."

ಅಳಸಿಂಗಯ್ಯ ಮತ್ತೆ ವಸ್ತ್ರ ಬೀಸಿದ. ತೂಬು ಇಳಿಯಿತು. ನೀರೂ ಇಳಿಯಿತು. ಮೋಟಾರಿಗೆ ಏನೂ ಆಗಿರಲಿಲ್ಲ. ಹಿಂದೆಂದೂ ಅಷ್ಟು ಚೊಕ್ಕಟವಾಗಿ ತೊಳೆದೂ ಇರಲಿಲ್ಲ.

ರಾಯರು ಒದ್ದೆ ಪಂಚೆ ಹಿಂಡುತ್ತ ದಡ ಹತ್ತಿ ಬಂದರು. "ಅಲ್ಲಯ್ಯಾ ಅಳಸಿಂಗ, ನಿನ್ನ ಹುಡುಗಾಟದಲ್ಲಿ ನನ್ನ ಎಂಜಿನ್ನಿಗೂ ನೀರು ಹೊಕ್ಕಿದ್ದರೆ ನನ್ನ ಗತಿ ಏನಾಗುತ್ತಿತ್ತು?"

"ಪರಿಹಾರಕ್ಕೆ ನೀವು ವಿಮಾ ಅಧಿಕಾರಿಯ ಮುಂದೆ ನಿಲ್ಲಬೇಕಾಗುತ್ತಿತ್ತು ರಾಯರೇ," ಎಂದು ಅಳಸಿಂಗಯ್ಯ ಒಂದು ಚಿಟಿಕೆ ನಶ್ಯ ಏರಿಸಿದ. "ಆ ಮನುಷ್ಯನ ಸ್ವಭಾವ ನನಗೆ ಗೊತ್ತು. ಅದಕ್ಕೇ ಅಯ್ಯೋ ಪಾಪ ಅನ್ನಿಸಿ ತೂಬು ಬೇಗ ಮುಚ್ಚಿಸಿದೆ."