ಪಾರುಪತ್ತೇಗಾರ ಹಿಡಿದ ಕೈ

"ಕುಸ್ತಿಯಲ್ಲಿ ಅಂಥಾದ್ದೇನಿದೆ ಮಹಾಪ್ರಭು? ಮಣ್ಣಲ್ಲಿ ಹೊರಳಾಡೋದು. ಅದನ್ನ ಎಮ್ಮೆಯೂ ಮಾಡುತ್ತೆ!"

ತುಂಬಿದ ಸಭೆಯಲ್ಲಿ ಹೀಗೆ ಜಂಬ ಕೊಚ್ಚಿದವನು ನರಸಿಂಗರಾಯ, ಹರಿಗೋಲುದುರ್ಗದ ಅರಮನೆ ಗರಡಿಯ ಪಾರುಪತ್ತೇಗಾರ. ಯಾರು ಯಾವಾಗ ಕಣಕ್ಕಿಳಿಯಬೇಕು, ಯಾರಿಗೆ ಎಷ್ಟು ಹಾಲು, ಎಷ್ಟು ಬಾದಾಮಿ, ಎಲ್ಲವೂ ಅವನ ಅಪ್ಪಣೆಯಂತೆ. ಹತ್ತು ವರ್ಷದಿಂದ ಗರಡಿ ಆಳುತ್ತಿದ್ದರೂ ಕಾಲಿಗೆ ಮಣ್ಣು ಮೆತ್ತೀತೆಂದು ಒಮ್ಮೆಯೂ ಕಣಕ್ಕಿಳಿದವನಲ್ಲ. ಅಪ್ಪಣೆಗಳನ್ನೆಲ್ಲ ಕಿಟಕಿಯಿಂದಲೇ ಕೂಗುತ್ತಿದ್ದ.

ಅವನ ಹೊಸ ಕಟ್ಟಳೆ ಹೀಗಿತ್ತು: ನೋವು ಎಂಬುದು ನೆಪ, ಕುಸ್ತಿಯಿಂದ ಹಿಂದೆ ಸರಿದವನು ಗರಡಿ ಬಿಟ್ಟು ಹೋಗತಕ್ಕದ್ದು.

ಪೈಲ್ವಾನ್ ನಿಂಗಯ್ಯನ ಬಲಭುಜ ಎಂಟು ದಿನದ ಹಿಂದೆ ಕೀಲು ತಪ್ಪಿತ್ತು. ಇನ್ನೊಂದು ಪಟ್ಟು ಬಿದ್ದರೆ ಆ ಕೈ ತುತ್ತೆತ್ತಲೂ ಬಾರದು ಎಂದು ವೈದ್ಯರು ಹೇಳಿದ್ದರು. ನರಸಿಂಗರಾಯ ಮಾತ್ರ ನೆರೆರಾಜ್ಯದ ಭೀಮೋಜಿಯ ಎದುರು ಅವನನ್ನೇ ಇಳಿಸುತ್ತೇನೆಂದು ಹಟ ಹಿಡಿದಿದ್ದ. "ಹಾಗಾದರೆ ನಾವ್ಯಾರೂ ಇಳಿಯಲ್ಲ" ಎಂದು ಮೂವತ್ತು ಪೈಲ್ವಾನರು ಗರಡಿಯ ಹೊರಗೆ ಕೂತುಬಿಟ್ಟಿದ್ದರು. ಅಂದೇ ಹಬ್ಬದ ಕುಸ್ತಿಗೆ ಯಾರ ಎದುರು ಯಾರು ಎಂದು ಜೋಡಿ ಕಟ್ಟುವ ದಿನ. ಭೀಮೋಜಿಯೂ ಬಂದಿಳಿದಾಗಿತ್ತು.

ದೊರೆ ಸಂಪಂಗಿರಾಯ ತಲೆ ಹಿಡಿದುಕೊಂಡ. ಕಂಬದ ಹಿಂದೆ ಮರೆಯಾಗಿದ್ದ ಆಸ್ಥಾನದ ಮಾತುಗಾರ ಕೋನಪ್ಪ ಅವನ ಕಣ್ಣಿಗೆ ಬಿದ್ದ.

"ಕೋನಪ್ಪ, ಮಧ್ಯಾಹ್ನದೊಳಗೆ ಈ ಜಗಳ ಬಗೆಹರಿಸು. ಆಗದಿದ್ದರೆ ನಿಂಗಯ್ಯನ ಬದಲು ಭೀಮೋಜಿಗೆ ನೀನೇ ಜೋಡಿ."

ಸಭೆ ಬಿದ್ದು ಬಿದ್ದು ನಕ್ಕಿತು. ಕೋನಪ್ಪನೂ ನಕ್ಕ, ನಗುತ್ತಲೇ ಕಂಬದ ಹಿಂದಕ್ಕೆ ಇನ್ನಷ್ಟು ಸರಿದ. ಆಸ್ಥಾನದಲ್ಲಿ ಅವನಷ್ಟು ಜಾಣ ಇನ್ನೊಬ್ಬನಿಲ್ಲ ಎಂಬ ಮಾತಿತ್ತು. ಆ ಮಾತು ಹಬ್ಬಿಸಿದವನೂ ಅವನೇ. ಮೈಯಂತೂ ಅಂಗಿ ತೆಗೆದರೆ ಪಕ್ಕೆಲುಬು ಎಣಿಸುವ ಹಾಗಿತ್ತು. ಹದಿನಾರನೇ ವಯಸ್ಸಿನಲ್ಲಿ ಒಮ್ಮೆ ಕಣಕ್ಕಿಳಿದಿದ್ದ. ಎದುರಾಳಿ ತೊಡೆ ತಟ್ಟಿದ ಸದ್ದಿಗೇ ಅಂಗಾತ ಬಿದ್ದಿದ್ದ. ಕಾಲು ಜಾರಿತು ಎಂದು ಇಂದಿಗೂ ಹೇಳಿಕೊಂಡು ಬಂದಿದ್ದ.

ಗರಡಿಯ ಬಾಗಿಲಲ್ಲಿ ನಿಂಗಯ್ಯ ಒಂದೇ ಕೈಯಲ್ಲಿ ರುಮಾಲು ಸುತ್ತಿಕೊಳ್ಳಲು ಒದ್ದಾಡುತ್ತಿದ್ದ. ಮೂರು ಸಲ ಸುತ್ತಿದ, ಮೂರು ಸಲವೂ ಬಿಚ್ಚಿಕೊಂಡಿತು.

"ಸ್ವಾಮಿ, ನಂಗೆ ಬೇರೆ ಕಸುಬು ಬರಾಕಿಲ್ಲ. ಇಳಿದ್ರೆ ಕೈ ಹೋಯ್ತದೆ, ಇಳೀದಿದ್ರೆ ಗರಡಿ ಹೋಯ್ತದೆ. ಏನ್ ಮಾಡ್ಲಿ?"

ಅಷ್ಟು ಹೊತ್ತೂ ತನ್ನ ಮೂಳೆಗಳ ಚಿಂತೆಯಲ್ಲೇ ಇದ್ದ ಕೋನಪ್ಪನಿಗೆ ನಾಚಿಕೆಯಾಯಿತು. ರುಮಾಲು ತಾನೇ ಸುತ್ತಿಕೊಟ್ಟ. ಅದೂ ಸೊಟ್ಟಗಾಯಿತು.

"ನಿಂಗಯ್ಯ, ನನ್ನ ಜೊತೆ ಕಣದೊಳಗೆ ಬಂದು ಸುಮ್ಮನೆ ನಿಲ್ಲು. ಏನೇ ಆದರೂ ಬಾಯಿ ಬಿಡಬೇಡ."

ಮಧ್ಯಾಹ್ನಕ್ಕೆ ದೊರೆ ಬಂದು ಕೂತ. ಪೈಲ್ವಾನರು ಸುತ್ತ ನಿಂತರು. ಮುದುಕ ಉಸ್ತಾದ್ ಬೀರಣ್ಣ ಎಂದಿನಂತೆ ಹಿಡಿ ಕೆಮ್ಮಣ್ಣು ಹಿಡಿದು ಕಣದ ಅಂಚಿನಲ್ಲಿ ಕಾಯುತ್ತಿದ್ದ. ನರಸಿಂಗರಾಯ ಕಿಟಕಿಯಲ್ಲಿದ್ದ.

ಕೋನಪ್ಪ ಕೈಮುಗಿದ. "ಮಹಾಪ್ರಭು, ನ್ಯಾಯ ರಾಯರ ಕಡೆಗೇ ಇದೆ. ನಿಂಗಯ್ಯನದು ಬರೀ ನಟನೆ ಅಂತ ನನಗೂ ಅನುಮಾನ. ಆದರೆ ನಾನು ಪರೀಕ್ಷೆ ಮಾಡೋಣವೆಂದರೆ, ಅವನ ಕೈ ಎತ್ತಲು ಹೋಗಿ ನಾನೇ ನೇತಾಡಬೇಕಾದೀತು. ರಾಯರಂಥ ಅನುಭವಸ್ಥರು ಒಮ್ಮೆ ಆ ಕೈ ಎತ್ತಿ ತೋರಿಸಿದರೆ ಎಲ್ಲರ ಬಾಯಿ ಮುಚ್ಚುತ್ತೆ."

ಹೊಗಳಿಕೆಗೆ ನರಸಿಂಗರಾಯ ಉಬ್ಬಿಹೋದ. ಪಂಚೆ ಎತ್ತಿ ಕಟ್ಟಿ, ಹತ್ತು ವರ್ಷದಲ್ಲಿ ಮೊದಲ ಸಲ ಕಣಕ್ಕಿಳಿದ. ನಿಂಗಯ್ಯನ ಬಲಗೈಯನ್ನು ತನ್ನ ಬಲಗೈಯಲ್ಲಿ ಹಿಡಿದು ಮೇಲೆತ್ತಿದ. ಕೈ ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ನಿಂಗಯ್ಯನ ಕಣ್ಣಲ್ಲಿ ನೀರು ಬಂತು.

"ನೋಡಿ ಪ್ರಭು, ಏಳುತ್ತೆ! ನೋವೂ ಇಲ್ಲ, ಗೀವೂ ಇಲ್ಲ!"

ಆಗಲೇ ಉಸ್ತಾದ್ ಬೀರಣ್ಣ, ಯಾರ ಮಾತಿಗೂ ಕಾಯದೆ, ಆ ಎರಡು ಕೈಗಳ ಮೇಲೆ ಕೆಮ್ಮಣ್ಣು ಸುರಿದ. ಡೋಲಿನವನು ಡೋಲು ಬಡಿದ. ಮೂವತ್ತು ಪೈಲ್ವಾನರು ಹೋ ಎಂದು ಕೂಗಿದರು.

"ಏನಿದು?" ಎಂದು ನರಸಿಂಗರಾಯ ತೋಳು ಕೊಡವಿದ.

"ಜೋಡಿ ಕಟ್ಟಿತು ಬುದ್ಧಿ," ಎಂದ ಬೀರಣ್ಣ. "ಇವತ್ತಿನ ದಿನ ಕಣದಲ್ಲಿ ನಿಂತು ಇಬ್ರು ಬಲಗೈಗೆ ಬಲಗೈ ಹಿಡಿದ್ರೆ ಮಣ್ಣು ಹಾಕೋದು ನನ್ನ ಕೆಲ್ಸ. ನಲವತ್ತು ವರ್ಷದಿಂದ ಹಾಕ್ತಿವ್ನಿ. ಹಬ್ಬದ ದಿನ ನಿಂಗಯ್ಯಂಗೂ ನಿಮಗೂ ಕುಸ್ತಿ."

ಗರಡಿಯ ಸಣ್ಣ ಹುಡುಗರಿಗೂ ಗೊತ್ತಿದ್ದ ಪದ್ಧತಿ ಕಿಟಕಿಯ ಪಾರುಪತ್ತೇಗಾರನಿಗೆ ಮಾತ್ರ ಗೊತ್ತಿರಲಿಲ್ಲ.

ನರಸಿಂಗರಾಯ ಒಮ್ಮೆ ನಿಂಗಯ್ಯನ ಎಡಗೈ ನೋಡಿದ. ತನ್ನನ್ನು ಎತ್ತಿ ಒಗೆಯಲು ಅದೊಂದೇ ಸಾಕಾಗಿತ್ತು. "ಪ್ರಭು, ನನಗೆ ಸೊಂಟ ಹಿಡಿದಿದೆ! ಮಂಡಿನೋವು ಬೇರೆ! ರಾತ್ರಿಯೆಲ್ಲ ನಿದ್ದೆಯಿಲ್ಲ!"

"ನೋವು ಎಂಬುದು ನೆಪ," ಎಂದ ಕೋನಪ್ಪ ಮೆಲ್ಲಗೆ. "ಹಿಂದೆ ಸರಿದವನು ಗರಡಿ ಬಿಡತಕ್ಕದ್ದು."

"ಆ ಕಟ್ಟಳೆ ಪೈಲ್ವಾನರಿಗೆ!"

"ಮಣ್ಣು ಬಿದ್ದ ಮೇಲೆ ತಾವೂ ಪೈಲ್ವಾನರೇ ರಾಯರೇ. ನನಗೂ ಒಮ್ಮೆ ಹೀಗೇ ಬಿದ್ದಿತ್ತು. ನಾನು ಮಾತ್ರ ಕಾಲು ಜಾರಿ ಬಿದ್ದೆ ಅನ್ನಿ."

ನರಸಿಂಗರಾಯನ ಹಣೆಯ ಬೆವರು ಮೂಗಿಗಿಳಿಯಿತು. "ಬೇಡ ಪ್ರಭು, ಕಟ್ಟಳೆ ವಾಪಸ್ಸು ತಗೋತೀನಿ. ಯಾರು ಇಳಿಯಬೇಕು, ಯಾರು ಬೇಡ ಅನ್ನೋದನ್ನ ಇನ್ನು ವೈದ್ಯರು, ಉಸ್ತಾದರೇ ಹೇಳಲಿ!"

"ಹಾಗೇ ಆಗಲಿ," ಎಂದ ದೊರೆ. "ಈ ಜೋಡಿಯನ್ನು ನಾನೇ ಬಿಡಿಸಿದ್ದೇನೆ." ಭೀಮೋಜಿಗೆ ಜೋಡಿಯಾಗಲು ಮೈ ನೆಟ್ಟಗಿದ್ದ ನಾಲ್ವರು ಆಗಲೇ ಕಣಕ್ಕೆ ಧುಮುಕಿದ್ದರು. ನಿಂಗಯ್ಯ ಭುಜ ಹಿಡಿದುಕೊಂಡು ಅಲ್ಲೇ ಕೂತು ಜೋರಾಗಿ ಅತ್ತುಬಿಟ್ಟ.

ದೊರೆ ನಗುತ್ತಾ ಕಣದೊಳಗೇ ಇಳಿದು ಬಂದು ಕೋನಪ್ಪನನ್ನು ಕೇಳಿದ, "ರಾಯ ಕೈ ಹಿಡಿಯದೇ ಹೋಗಿದ್ದರೆ ಏನು ಮಾಡ್ತಿದ್ದೆ?"

"ಹಿಂಬಾಗಿಲಲ್ಲಿ ಕುದುರೆ ಕಟ್ಟಿಸಿದ್ದೆ ಪ್ರಭು."

ದೊರೆ ಹೊಟ್ಟೆ ಹಿಡಿದು ನಕ್ಕು ತನ್ನ ಚಿನ್ನದ ಕಡಗ ಬಿಚ್ಚಿದ. "ಎಲ್ಲಿ, ಬಲಗೈ ಚಾಚು. ನಾನೇ ತೊಡಿಸ್ತೀನಿ."

ಕೋನಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಮೊದಲು ಈ ಕಣದಿಂದ ಆಚೆ ಹೋಗೋಣ ಮಹಾಪ್ರಭು. ಬೀರಣ್ಣ ಆಗಲೇ ಇನ್ನೊಂದು ಹಿಡಿ ಮಣ್ಣು ತಗೊಂಡಾಗಿದೆ!"