ಹಳೆಯ ಯಂತ್ರದ ಬೇರೆ ಉತ್ತರ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನಾನು ಮಾಡದ ವಸ್ತುವನ್ನು ನನ್ನದು ಎನ್ನುವ ಹಕ್ಕು ನನಗೆ ಎಂದಾದರೂ ಬರುತ್ತದೆಯೇ? ಬೇರೆಯವರು ಬರೆದ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ನನ್ನನ್ನು ಹಚ್ಚಿದ್ದಾರೆ. ಹೆಸರು ಅವರದು, ದುಡಿಮೆ ನನ್ನದು. ಮನಸ್ಸು ಒಪ್ಪುತ್ತಿಲ್ಲ."

ಗುರುಗಳು ಈ ಕತೆ ಹೇಳಿದರು.

ಜಯಶೀಲಾ ಎಂಬಾಕೆ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಬಿಡುವಿದ್ದಾಗ, ಒಬ್ಬ ಒಡೆಯನಿಲ್ಲದೆ ಹಲವರು ಸೇರಿ ಕಟ್ಟುವ ಮುಕ್ತ ಆಪರೇಟಿಂಗ್ ಸಿಸ್ಟಮ್ ಒಂದಕ್ಕೆ ದುಡಿಯುತ್ತಿದ್ದಳು. ಆಕೆಯದು ಪ್ಯಾಕೇಜ್ ಕಟ್ಟುವ ಕೆಲಸ. ಎಲ್ಲಿಯೋ ಯಾರೋ ಒಂದು ಪ್ರೋಗ್ರಾಮ್ ಬರೆಯುತ್ತಾರೆ. ಆ ಸಿಸ್ಟಮ್ ನಡೆಯುವ ಎಲ್ಲ ಬಗೆಯ ಕಂಪ್ಯೂಟರುಗಳಲ್ಲೂ ಅದು ತೊಡಕಿಲ್ಲದೆ ಓಡುವಂತೆ ಅಣಿಮಾಡಿ ಹಂಚಬೇಕು.

ಒಮ್ಮೆ ಆಕೆ ಒಂದು ಹ್ಯಾಶ್ ಲೈಬ್ರರಿಯನ್ನು, ಅಂದರೆ ಬೇರೆ ಪ್ರೋಗ್ರಾಮುಗಳು ತಮ್ಮೊಳಗೆ ಸೇರಿಸಿಕೊಂಡು ಬಳಸುವ ಸಿದ್ಧ ಕೋಡನ್ನು, ಕೈಗೆತ್ತಿಕೊಂಡಳು. ಯಾವ ಫೈಲ್ ಕೊಟ್ಟರೂ ಅದನ್ನು ಅರೆದು ಒಂದು ಸಂಖ್ಯೆ ಕೊಡುವುದು ಅದರ ಕೆಲಸ. ಫೈಲಿನಲ್ಲಿ ಒಂದಕ್ಷರ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ಕಳುಹಿಸಿದವರಿಗೂ ಪಡೆದವರಿಗೂ ಒಂದೇ ಸಂಖ್ಯೆ ಬಂದರೆ ಫೈಲ್ ಕೆಡದೆ ತಲುಪಿದೆ ಎಂದು ಅರ್ಥ. ದೂರದ ದೇಶದ ಗಣಿತಜ್ಞನೊಬ್ಬ ಅದನ್ನು ಬರೆದಿದ್ದ. ಅಷ್ಟು ಚೊಕ್ಕವಾದ ಕೆಲಸವನ್ನು ಜಯಶೀಲಾ ಅದುವರೆಗೆ ಕಂಡಿರಲಿಲ್ಲ. ಓದುತ್ತ ಓದುತ್ತ ಆಕೆಗೆ ಅದರ ಮೇಲೆ ಪ್ರೀತಿಯೇ ಹುಟ್ಟಿತು.

ಎಲ್ಲ ಬಗೆಯ ಕಂಪ್ಯೂಟರುಗಳಲ್ಲೂ ಪರೀಕ್ಷೆ ನಡೆಯಿತು. ಎಲ್ಲೆಡೆ ಸರಿಯಾದ ಸಂಖ್ಯೆ ಬಂತು. ಒಂದು ಹಳೆಯ ಬಗೆಯ ಯಂತ್ರದಲ್ಲಿ ಮಾತ್ರ ಬೇರೆ ಬಂತು. ಒಂದು ಪರೀಕ್ಷೆ ತಪ್ಪಿದರೂ ಪ್ಯಾಕೇಜನ್ನು ಸಿಸ್ಟಮ್‌ಗೆ ಸೇರಿಸುವಂತಿರಲಿಲ್ಲ.

ಆಕೆ ಗಣಿತಜ್ಞನಿಗೆ ಬರೆದಳು. ಅವನಿಂದ ಉತ್ತರ ಬಂತು: "ನನ್ನ ಬಳಿ ಸರಿಯಾಗಿಯೇ ನಡೆಯುತ್ತಿದೆ. ಆ ಯಂತ್ರವನ್ನು ಈಗ ಯಾರು ಬಳಸುತ್ತಾರೆ?" ಹಳೆಯ ಯಂತ್ರಗಳ ಉಸ್ತುವಾರಿಯವರನ್ನು ಕೇಳಿದಳು. ಯಂತ್ರದಲ್ಲಿ ದೋಷವಿಲ್ಲ, ಲೈಬ್ರರಿಯವರನ್ನು ಕೇಳಿ ಎಂದರು.

ಸಿಸ್ಟಮ್‌ನ ಹೊಸ ಆವೃತ್ತಿ ಹೊರಬರುವ ಕಾಲ ಹತ್ತಿರವಾಗಿತ್ತು. ಎಷ್ಟೋ ಪ್ರೋಗ್ರಾಮುಗಳು ಈ ಲೈಬ್ರರಿಯನ್ನು ನೆಚ್ಚಿಕೊಂಡಿದ್ದವು. ಇದು ಸೇರದೆ ಅವೂ ಸೇರುವಂತಿರಲಿಲ್ಲ. ಬಿಡುಗಡೆಯ ಹೊಣೆ ಹೊತ್ತಿದ್ದ ವಾದಿರಾಜ ಫೋನ್ ಮಾಡಿದ.

"ಮೇಡಂ, ಅದೊಂದು ಯಂತ್ರದ ಪರೀಕ್ಷೆ ತೆಗೆದುಬಿಡಿ. ಸಂಜೆಯೊಳಗೆ ಪ್ಯಾಕೇಜ್ ಸೇರಿಸಿಬಿಡೋಣ. ಯಾರಿಗೂ ಗೊತ್ತಾಗುವುದಿಲ್ಲ."

"ಗೊತ್ತಾಗುವುದಿಲ್ಲ ಅನ್ನುವುದೇ ನನ್ನ ಭಯ, ವಾದಿರಾಜ್. ಪರೀಕ್ಷೆ ತೆಗೆದರೂ ತಪ್ಪು ಅಲ್ಲೇ ಇರುತ್ತದಲ್ಲ."

"ಬರೆದವರೇ ತಲೆ ಕೆಡಿಸಿಕೊಂಡಿಲ್ಲ. ನಿಮಗೇಕೆ ಮೇಡಂ?"

ಆಕೆ ಫೋನ್ ಇಟ್ಟಳು. ಈ ಹಳೆಯ ಯಂತ್ರವನ್ನು ಇನ್ನೂ ಯಾರಾದರೂ ಬಳಸುತ್ತಿದ್ದೀರಾ ಎಂದು ಸಿಸ್ಟಮ್ ಬಳಸುವ ಎಲ್ಲರನ್ನೂ ಕೇಳಿದಳು. ಒಬ್ಬರೇ ಉತ್ತರಿಸಿದರು. ಹಾಜರಾ ಎಂಬಾಕೆ. ಒಂದು ದ್ವೀಪದಲ್ಲಿ ಕಡಲಿನ ಮಟ್ಟ ಅಳೆಯುವ ಕೇಂದ್ರವನ್ನು ಆಕೆ ನೋಡಿಕೊಳ್ಳುತ್ತಿದ್ದಳು. ಅಲ್ಲಿದ್ದದ್ದು ಅದೇ ಯಂತ್ರ. ಅಳತೆಗಳು ಅದರಿಂದ ದಡದ ಕಚೇರಿಗೆ ಹೋಗುತ್ತಿದ್ದವು; ಕೆಡದೆ ತಲುಪಿದವೇ ಎಂದು ಅಲ್ಲಿ ಹ್ಯಾಶ್ ಸಂಖ್ಯೆಯಿಂದಲೇ ನೋಡುತ್ತಿದ್ದರು. ಆ ಅಳತೆ ನೋಡಿ ದಡದವರು ಮೀನುಗಾರರಿಗೆ ಎಚ್ಚರಿಕೆ ಕೊಡುತ್ತಿದ್ದರು. ಎರಡೂ ಕಡೆಯವರು ಹೊಸ ಆವೃತ್ತಿಗಾಗಿ ಕಾಯುತ್ತಿದ್ದರು.

ಜಯಶೀಲಾ ಅದನ್ನು ಓದಿ ಕುರ್ಚಿಯಲ್ಲಿ ಹಿಂದಕ್ಕೊರಗಿದಳು. ದ್ವೀಪದಲ್ಲಿ ಒಂದು ಸಂಖ್ಯೆ, ದಡದಲ್ಲಿ ಇನ್ನೊಂದು. ಪ್ಯಾಕೇಜ್ ಹೀಗೇ ಹೊರಬಂದರೆ ದ್ವೀಪದಿಂದ ಬಂದ ಪ್ರತಿಯೊಂದು ಅಳತೆಯನ್ನೂ ಕೆಟ್ಟುಹೋಗಿದೆ ಎಂದು ದಡದ ಕಂಪ್ಯೂಟರ್ ಎಸೆದುಬಿಡುತ್ತದೆ.

ಆಕೆ ಎಲ್ಲರಿಗೂ ಕಾಣುವಂತೆ ಬರೆದಳು: "ಈ ಪ್ಯಾಕೇಜ್ ನನ್ನದು. ಇದರಲ್ಲಿ ತಪ್ಪಿದೆ. ಸರಿಯಾಗುವವರೆಗೆ ತಡೆಹಿಡಿದಿದ್ದೇನೆ. ಬಿಡುಗಡೆ ತಡವಾದರೆ ಅದಕ್ಕೆ ನಾನೇ ಹೊಣೆ."

ಕಾಯುತ್ತಿದ್ದವರು ಸಿಟ್ಟಾದರು. ಬರೆದವನಿಗಿಲ್ಲದ ಜಂಬ ಪ್ಯಾಕೇಜ್ ಕಟ್ಟುವವಳಿಗೆ ಏಕೆ ಎಂದು ಒಬ್ಬ ಕೇಳಿದ. ವಾದಿರಾಜ ಆಕೆಯೊಡನೆ ಮಾತು ಬಿಟ್ಟ. ಆ ಮಾತು ಆಕೆಗೆ ನಾಟಿತು, ಈ ಮೌನ ಇನ್ನೂ ಹೆಚ್ಚು ನಾಟಿತು. ಆದರೂ ಕಾಲೇಜು ಮುಗಿಸಿ ಬಂದು ದಿನವೂ ಕೂತಳು. ಹ್ಯಾಶ್‌ನ ಗಣಿತ ಆಕೆಗೆ ಪೂರ್ತಿ ಗೊತ್ತಿರಲಿಲ್ಲ, ಕಲಿತಳು. ಇಲ್ಲಿ ಆಕೆ ತಿದ್ದಿ ಕಳಿಸಿದ್ದನ್ನು ಅಲ್ಲಿ ಹಾಜರಾ ತನ್ನ ಯಂತ್ರದಲ್ಲಿ ಓಡಿಸಿ ನೋಡುವಳು. ತಪ್ಪು, ಮತ್ತೆ ತಪ್ಪು. ಹಾಜರಾ ಬೇಸರಿಸಲಿಲ್ಲ.

ಕೊನೆಗೆ ಸಿಕ್ಕಿತು. ಮಿಕ್ಕ ಯಂತ್ರಗಳು ಸಂಖ್ಯೆಯ ತುಂಡುಗಳನ್ನು ತಮ್ಮ ಮೆಮೊರಿಯಲ್ಲಿ ಬಾಲದ ಕಡೆಯಿಂದ ಇಡುತ್ತಿದ್ದವು, ಹಳೆಯದು ತಲೆಯ ಕಡೆಯಿಂದ. ಗಣಿತಜ್ಞ ಒಂದು ಕಡೆ ಈ ವ್ಯತ್ಯಾಸವನ್ನು ಮರೆತಿದ್ದ. ಕೆಲವೇ ಸಾಲುಗಳ ತಿದ್ದುಪಡಿ ಸಾಕಾಯಿತು. ಹಾಜರಾ ತನಗೆ ಬಂದ ಸಂಖ್ಯೆಯನ್ನು ಫೋನಿನಲ್ಲಿ ಓದುತ್ತ ಹೋದಳು. ಜಯಶೀಲಾ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿಯನ್ನು ಹೋಲಿಸಿದಳು. ಕೊನೆಯ ಅಂಕಿಯೂ ಹೊಂದಿತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ತಿದ್ದಿದ ಸಾಲುಗಳನ್ನು ಆಕೆ ತನ್ನ ಪ್ಯಾಕೇಜಿನಲ್ಲಷ್ಟೇ ಇಟ್ಟುಕೊಳ್ಳದೆ ಗಣಿತಜ್ಞನಿಗೂ ಕಳುಹಿಸಿದಳು. ಅವನೂ ದೊಡ್ಡ ಮನಸ್ಸಿನವನೇ. ಓದಿ, ತಪ್ಪು ಒಪ್ಪಿಕೊಂಡು, ತನ್ನ ಲೈಬ್ರರಿಯಲ್ಲೇ ಸೇರಿಸಿದ. ಆವೃತ್ತಿ ತಡವಾಗಿ ಬಂತು. ವಾದಿರಾಜ ಅದಾದ ಮೇಲೆ ಪರೀಕ್ಷೆ ತೆಗೆಯಿರಿ ಎಂದು ಯಾರಿಗೂ ಹೇಳಲಿಲ್ಲ.

ಮಳೆಗಾಲ ಶುರುವಾಗುವ ಮೊದಲೇ ಕಡಲು ಉಕ್ಕಿತು. ದ್ವೀಪದ ಅಳತೆ ದಡ ಮುಟ್ಟಿತು, ಎಚ್ಚರಿಕೆ ಹೋಯಿತು, ದೋಣಿಗಳು ಹಿಂದಿರುಗಿದವು. ದೋಣಿಯಿಂದಿಳಿದವರಿಗೆ ಇದಾವುದೂ ಗೊತ್ತಿರಲಿಲ್ಲ. ಬಲೆ ಒಣಗಿಸಿ ಮನೆಗೆ ಹೋದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಆ ಲೈಬ್ರರಿಗಾಗಿ ಜನ ಯಾರನ್ನು ಹೊಗಳಿದರು?"

"ಗಣಿತಜ್ಞನನ್ನು. ಹೊಗಳಬೇಕಾದದ್ದೇ."

"ಹಾಗಾದರೆ ಅದು ಅವನದಾಯಿತು. ಆಕೆಯದು ಹೇಗಾದೀತು?"

ಗುರುಗಳು ಹೇಳಿದರು: "ತಪ್ಪಾಗಿದ್ದಾಗ ಅದನ್ನು ನನ್ನದು ಎಂದವಳು ಆಕೆಯೊಬ್ಬಳೇ."